ರಾಜಮಾತೆಯ ಕೊಂಕು

ಅತ್ತೆ ಆ ದಪ್ಪ ಕನ್ನಡಕವನ್ನು ಮೂಗಿಗೇರಿಸಿದರು. ಸೊಸೆ ಎರಡು ಹೆಜ್ಜೆ ಹಿಂದೆ ಸರಿದಳು.

ಪಾಳುಬಿದ್ದ ಅರಮನೆಗೆ ಮತ್ತೆ ಜೀವ ತುಂಬುವ ಕನ್ನಡಕ ಅದು. ಹಾಕಿಕೊಂಡರೆ ಮುರಿದ ಕಂಬಗಳು ಎದ್ದು ನಿಲ್ಲುತ್ತವೆ, ದಾಸಿಯರು ಓಡಾಡುತ್ತಾರೆ, ಪಡಸಾಲೆಗೆ ರಾಜಮಾತೆ ಬರುತ್ತಾಳೆ. ಅವಳನ್ನು ಕಂಪ್ಯೂಟರಿನಲ್ಲಿ ರೂಪಿಸಿದವಳು ಸೊಸೆ. ಶಾಸನದಲ್ಲಿ ರಾಜಮಾತೆಯ ಬಗ್ಗೆ ಇದ್ದದ್ದು ಒಂದೇ ಸಾಲು: ಅರಮನೆಯ ಆಡಳಿತವೆಲ್ಲ ಆಕೆಯ ಕೈಯಲ್ಲಿತ್ತು. ನಡೆ, ನುಡಿ, ಗತ್ತು ಯಾವುದೂ ಗೊತ್ತಿಲ್ಲ. ಸೊಸೆ ದೂರ ಹುಡುಕಲು ಹೋಗಲಿಲ್ಲ. ಮನೆಯಲ್ಲೇ ಒಬ್ಬರಿದ್ದರು.

ಕಿಟಕಿಯ ಅಂಚಿನ ಮೇಲೆ ಬೆರಳೆಳೆದು ಧೂಳು ನೋಡುವುದು. ಸೊಂಟಕ್ಕೆ ಕೈಯಿಟ್ಟು ನಿಟ್ಟುಸಿರು ಬಿಡುವುದು. "ನನ್ನ ಮಾತು ಇಲ್ಲಿ ಯಾರು ಕೇಳ್ತಾರೆ?" ಎನ್ನುತ್ತಲೇ ಎಲ್ಲರನ್ನೂ ಕುಣಿಸುವುದು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಗುನುಗುತ್ತ ಅಷ್ಟನ್ನೂ ರಾಜಮಾತೆಗೆ ತುಂಬಿದಳು. ಇತಿಹಾಸದ ಪ್ರೊಫೆಸರು ನೋಡಿ ಬೆರಗಾದರು.

"ಎಷ್ಟು ಸಹಜವಾಗಿದೆ! ತುಂಬಾ ಅಧ್ಯಯನ ಮಾಡಿರ್ಬೇಕಲ್ಲಮ್ಮ?"

"ಮದುವೆಯಾದಾಗಿಂದ ಮಾಡ್ತಾನೇ ಇದ್ದೀನಿ ಸರ್."

ಅತ್ತೆ ಇದನ್ನು ನೋಡಲು ಬರುತ್ತಾರೆಂದು ಅವಳು ಕನಸುಮನಸಿನಲ್ಲೂ ಎಣಿಸಿರಲಿಲ್ಲ. ಹೆಂಡತಿಯ ಕೆಲಸ ತೋರಿಸುವ ಉಮೇದಿನಲ್ಲಿ ಗಂಡ ಮಹಾರಾಯ ಕರೆತಂದಿದ್ದ. ಬೆಳಗಿನಿಂದ ಯಾರೂ ಏನೂ ಕೇಳದಿದ್ದರೂ ಅವಳು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಅತ್ತೆ ಮುನಿಸಿಕೊಂಡು ಮಗಳ ಮನೆಗೆ ಹೊರಟುಬಿಟ್ಟರೆ ಮಗುವನ್ನು ನೋಡಿಕೊಳ್ಳುವವರು ಯಾರು? ಈ ಕೆಲಸವೇ ಬಿಡಬೇಕಾದೀತು. ಅದೂ ಹೋಗಲಿ. ಕೊಂಕು ಎಷ್ಟೇ ಇರಲಿ, ಹೆರಿಗೆಯ ಹೊತ್ತಿನಲ್ಲಿ ಹಿಡಿದ ಕೈ ಬಿಡದೆ ಕೂತಿದ್ದವರು ಇವರೇ. ಅಂಥವರನ್ನು ಊರಿಗೆಲ್ಲ ಆಡಿ ತೋರಿಸಿದೆನಲ್ಲ ಎಂದು ಅವಳಿಗೆ ನಿಜಕ್ಕೂ ಸಂಕಟವಾಯಿತು.

ಅತ್ತೆ ಖಾಲಿ ಪಡಸಾಲೆಯತ್ತ ನೋಡುತ್ತ ಮಿಸುಕದೆ ನಿಂತಿದ್ದರು. ಇದ್ದಕ್ಕಿದ್ದಂತೆ ತಲೆ ತಗ್ಗಿಸಿ, ಗೋಡೆಯ ಬದಿಗೆ ಸರಿದು ದಾರಿ ಬಿಟ್ಟರು. ಮನೆಯಲ್ಲಿ ಅವರು ಯಾರಿಗೂ ದಾರಿ ಬಿಟ್ಟದ್ದನ್ನು ಸೊಸೆ ಕಂಡಿರಲಿಲ್ಲ. ಕನ್ನಡಕ ತೆಗೆದಾಗ ಅವರ ಕಣ್ಣು ಒದ್ದೆಯಾಗಿತ್ತು.

"ಇವ್ರ ವಿಷಯ ನಿಂಗೆ ಯಾರು ಹೇಳಿದ್ದು?"

"ಅತ್ತೆ, ತಪ್ಪಾಯ್ತು..."

"ಆ ಬೆರಳು, ಆ ನಿಟ್ಟುಸಿರು, ಆ ಕೊಂಕು! ಒಂದೂ ಬಿಟ್ಟಿಲ್ವಲ್ಲೇ!" ಅತ್ತೆ ಸೊಸೆಯ ಕೈ ಹಿಡಿದುಕೊಂಡರು.

"ಥೇಟ್ ನಮ್ಮತ್ತೆ ಕಣೇ! ದೇವರು ದೊಡ್ಡೋನು, ನಿಂಗೆ ಅಂಥ ಅತ್ತೆ ಸಿಗ್ಲಿಲ್ಲ."