ರಿಪ್‌ಆಫ್ ಅಂದರೆ

ಅಜ್ಜಿ ಹೆಲೆನ್‌ಳ ಹೊಸ ಸೀರೆಯಿಂದ ಒಂದು ಎಳೆ ಕಿತ್ತು ದೀಪಕ್ಕೆ ಹಿಡಿದಾಗ ಅಕ್ಷತಾ ವಾಸನೆ ನೋಡಲು ಹತ್ತಿರ ಬಾಗಿದಳು. ನಿಜವಾದ ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರಬೇಕು. ವಿದೇಶದಿಂದ ಬಂದು ಮೈಸೂರಿನ ಗೋಕುಲಂನಲ್ಲಿ ಯೋಗ ಕಲಿಯುತ್ತಿದ್ದ ಹೆಲೆನ್‌ಳನ್ನು ಮಹಾಂತೇಶ್ ಮಾವನ ಸೀರೆ ಅಂಗಡಿಗೆ ಕರೆದೊಯ್ದವಳು ಅವಳೇ. ಮಾವ ಅಜ್ಜಿಯ ಒಬ್ಬನೇ ಮಗ. ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ಬೆಂಕಿ ಮನೆಯವರನ್ನು ಯಾವತ್ತೂ ಸುಡುತ್ತಿರಲಿಲ್ಲ.

ಎಳೆ ಪ್ಲಾಸ್ಟಿಕ್ಕಿನಂತೆ ನಾತ ಹೊಡೆದು, ಕರಗಿ, ಕಪ್ಪು ಮಣಿಯಾಯಿತು.

“ರಿಪ್‌ಆಫ್?” ಹೆಲೆನ್ ಅಕ್ಷತಾಳ ಮುಖ ನೋಡಿದಳು.

“ಏನಂತೆ ಕಣೇ?” ಎಂದರು ಅಜ್ಜಿ.

“ಏನಿಲ್ಲ ಬುಡಜ್ಜಿ.”

“ಬೆವ್ರು ನೋಡು ನಿನ್ ಮೊಕದ್ ಮೇಲೆ! ಹೇಳೇ.”

“ಟೋಪಿ ಹಾಕುದ್ರಾ ಅಂತ ಕೇಳ್ತಾವ್ಳೆ.”

ಅಕ್ಷತಾ ‘ನೋ’ ಎನ್ನಲು ಹೆಲೆನ್‌ಳತ್ತ ತಿರುಗುವಷ್ಟರಲ್ಲಿ ಅಜ್ಜಿ ಹೆಲೆನ್‌ಳ ಕೈ ಹಿಡಿದುಕೊಂಡಿದ್ದರು.

“ಎಸ್ಸು ಕಣಮ್ಮ, ಎಸ್ಸು. ನನ್ ಮಗ್ನೇ ಹಾಕವ್ನೆ.”