ರೇಡಿಯೇಟರಿಗೆ ಸುರಿದ ಅರಿಶಿಣ

ಬಿಸಿನೀರಿನಲ್ಲಿ ಕದಡಿದ ಅರಿಶಿಣದ ವಾಸನೆ ಬಂದರೆ ಇಂದಿಗೂ ಮಸ್ಕಿಯ ಗ್ಯಾರೇಜಿನ ಆ ಮಧ್ಯಾಹ್ನ ನೆನಪಾಗುತ್ತದೆ. ಅದು ಬೇಸಿಗೆ ಭತ್ತದ ಕಟಾವಿನ ಒಂದು ಸೋಮವಾರ; ಅಪ್ಪನ ಟ್ರಿಪ್ ಡೈರಿಯೊಂದಿಗೆ ಎರಡು ಸಲ ತಾಳೆ ನೋಡಿದ್ದೇನೆ.

ವಳಕಮದಿನ್ನಿಯ ಭತ್ತ ಹೇರಿಕೊಂಡು, ಅವ್ವನನ್ನೂ ನನ್ನನ್ನೂ ಕೂರಿಸಿಕೊಂಡು ಲಿಂಗಸುಗೂರಿಗೆ ಹೊರಟಿದ್ದ ಅಪ್ಪನ ಹಳೆಯ ಲಾರಿ ಇಂಜಿನ್ ಕಾದು ಅಲ್ಲಿ ನಿಂತುಬಿಟ್ಟಿತ್ತು. ರೇಡಿಯೇಟರಿನ ನೀರು ಪದೇಪದೇ ಖಾಲಿಯಾಗುತ್ತಿದ್ದರೂ ನೆಲದ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ.

“ನೀರು ಇಂಜಿನ್ ಒಳಗ ಹೋಗಾಕತ್ತೈತಿ. ಬಿಚ್ಚಿ ನೋಡಾಕ ಎಂಟು ದಿನ ಬೇಕ್ರಿ,” ಎಂದರು ಗ್ಯಾರೇಜಿನ ಮಿಸ್ತ್ರಿ ಚಾಚಾ. ಎಂಟು ದಿನ ಲಾರಿ ನಿಂತರೆ ಸುಗ್ಗಿಯ ಬಾಡಿಗೆಯೆಲ್ಲ ಬೇರೆಯವರ ಪಾಲಾಗುತ್ತಿತ್ತು.

ಅವ್ವ ಪಕ್ಕದ ಅಂಗಡಿಯಿಂದ ಅರಿಶಿಣದ ಪುಡಿ ತಂದು, ಬಿಸಿನೀರಿನಲ್ಲಿ ಕದಡಿ, ರೇಡಿಯೇಟರಿಗೆ ಸುರಿದಳು.

“ಅಕ್ಕಾರ, ಸಾರು ಮಾಡಾಕತ್ತೀರೇನ್ರೀ?” ಎಂದು ಚಾಚಾ ನಕ್ಕರು.

“ಹೂಂನ್ರೀ, ನೀವೂ ಉಂಡ ಹೋಗ್ರಿ. ನೀರು ಆರಿ ಹೋಗತೈತಿ, ಅರಿಶಿಣದ ಕಲೆ ಹೋಗಂಗಿಲ್ಲ. ಅರ್ಧ ತಾಸು ಗಾಡಿ ಚಾಲೂ ಇಡ್ರಿ,” ಎಂದಳು ಅವ್ವ.

ಅರ್ಧ ತಾಸಿನ ಬಳಿಕ ಚಾಚಾ ಟಾರ್ಚ್ ಹಿಡಿದು ಬಗ್ಗಿದರು. ನೀರಿನ ಪಂಪಿನ ಅಡಿಯ ಕಾದ ಕಬ್ಬಿಣದ ಮೇಲೆ ಹಳದಿ ಗೆರೆಯೊಂದು ಮೂಡಿತ್ತು. ಸೋರಿದ ನೀರು ನೆಲ ಮುಟ್ಟುವ ಮೊದಲೇ ಅಲ್ಲಿ ಆವಿಯಾಗುತ್ತಿತ್ತು. ಇಂಜಿನ್ ಬಿಚ್ಚಬೇಕಾಗಲಿಲ್ಲ; ಪಂಪಿನ ಸೀಲ್ ಬದಲಿಸಿಕೊಂಡು ಸಂಜೆಯೊಳಗೆ ಲಿಂಗಸುಗೂರು ಸೇರಿದೆವು.

ಡೈರಿಯ ಆ ದಿನದ ಪುಟದಲ್ಲಿ ಅಪ್ಪ ಬರೆದಿದ್ದಾರೆ: ‘ಸೋರಿಕೆಯನ್ನು ಮಿಸ್ತ್ರಿ ಪತ್ತೆ ಮಾಡಿದರು.’ ದಿನಾಂಕ ಮಾತ್ರ ಸರಿಯಾಗಿದೆ.