ಹೊಸ್ತಿಲು ದಾಟುವ ತನಕ

ಕಡಲಿನಲ್ಲಿ ಕಂಬ ನೆಟ್ಟು ಕಟ್ಟಿದ, ಗಾನ್ ಎಂಬ ಚೀನೀ ಮನೆತನದವರ ಮನೆಗಳಿರುವ ಮರದ ಹಲಗೆಯ ಬೀದಿ. ಅದು ಶುರುವಾಗುವ ಜಾಗದಲ್ಲೇ ಕೆಂಗ್ ಹೋಕ್ ಎರಡೂ ಕೈ ಚಾಚಿ ಸ್ಟ್ರೆಚರ್ ತಡೆದ. ಅವನು ಬೀದಿ ಸಮಿತಿಯ ಅಧ್ಯಕ್ಷ. ಸ್ಟ್ರೆಚರ್ ಮೇಲೆ ಮಲಗಿದ್ದದ್ದು ಬೇರೆ ಯಾರೂ ಅಲ್ಲ, ಅವನ ಸ್ವಂತ ದೊಡ್ಡಪ್ಪ, ದೋಣಿಗಾರ ಆ ತ್ಯಾಂಗ್.

"ಮಧ್ಯಾಹ್ನದ ತನಕ ಆಂಬುಲೆನ್ಸಲ್ಲೇ ಇರ್ಲಿ, ಗುವಾತ್ ಲೀ. ಬೀದಿ ನೋಡೋಕೆ ದೊಡ್ಡ ದೊಡ್ಡವರು ಬರ್ತಿದಾರೆ. ಅವರೆದುರು ಇದೆಲ್ಲ ಚೆನ್ನಾಗಿರಲ್ಲ."

ಗುವಾತ್ ಲೀ ಮುದುಕನ ಸೊಸೆ. ಗಂಡ ಸತ್ತ ಮೇಲೂ ಮಾವನನ್ನು ಬಿಟ್ಟು ಹೋಗದವಳು. ಆಸ್ಪತ್ರೆಯವರು ಬೆಳಿಗ್ಗೆಯೇ ಕೈಚೆಲ್ಲಿದ್ದರು. ಉಸಿರಿರುವಾಗ ಹೊಸ್ತಿಲು ದಾಟಿಸಿದರೆ ಮುದುಕನದು ಮನೆಯ ಸಾವು. ಪಡಸಾಲೆಯಲ್ಲಿ ಮಲಗಿಸಬಹುದು, ಮನೆಯಲ್ಲಿ ಪೂಜೆಗೊಳ್ಳುವ ಹಿರಿಯರ ಸಾಲಿನಲ್ಲಿ ಅವನಿಗೂ ಜಾಗ ಸಿಗುತ್ತದೆ. ಹೊರಗೆ ಪ್ರಾಣ ಬಿಟ್ಟ ಹೆಣ ಒಳಗೆ ಬರುವಂತಿಲ್ಲ. ಅದಕ್ಕೆ ರಸ್ತೆ ಬದಿಯ ಡೇರೆಯೇ ಗತಿ. ಇದು ಕೆಂಗ್ ಹೋಕನಿಗೆ ಗೊತ್ತಿಲ್ಲದ್ದೇನಲ್ಲ. ಅದಕ್ಕೇ ದನಿ ತಗ್ಗಿಸಿ ಒಂದು ಉಪಾಯ ಹೇಳಿದ. ದೋಣಿಯಲ್ಲಿ ತಂದು ಹಿಂಬಾಗಿಲಿನಿಂದ ಮೇಲೆತ್ತಿಕೊಂಡರೆ ಯಾರ ಕಣ್ಣಿಗೂ ಬೀಳುವುದಿಲ್ಲವಂತೆ.

"ಹಿಂಬಾಗಿಲಿಂದ ಬರೋದು ಮೀನು, ಭಾವ. ಮನೆ ಯಜಮಾನ್ರು ಬರೋದು ಮುಂಬಾಗಿಲಿಂದ. ದಾರಿ ಬಿಡಿ."

ಅವನು ಬಿಡಲಿಲ್ಲ. ಅವಳೇ ಅವನ ತೋಳು ಹಿಡಿದು ಪಕ್ಕಕ್ಕೆ ಸರಿಸಿದಳು. ಹಲಗೆಗಳ ಸಂದಿಯಲ್ಲಿ ಚಕ್ರ ಸಿಕ್ಕಿಕೊಳ್ಳುತ್ತಿದ್ದರಿಂದ ಆಸ್ಪತ್ರೆಯ ಆಳುಗಳು ಸ್ಟ್ರೆಚರನ್ನು ಎತ್ತಿಕೊಂಡೇ ನಡೆದರು. ಅವರಲ್ಲಿ ರಂಬ್ಲಿ ಎಂಬವನು ಪಕ್ಕದಲ್ಲಿ ಓಡುತ್ತ ಮುದುಕನ ಬಾಯಿಗೆ ಹಿಡಿದ ಗಾಳಿಯ ಚೀಲ ಒತ್ತುತ್ತಿದ್ದ. ಐಸ್‌ಕ್ರೀಮ್ ನೆಕ್ಕುತ್ತಿದ್ದ ಪ್ರವಾಸಿಗಳು ಗೋಡೆಗೆ ಆತು ನಿಂತರು. ಕೆಲವರು ಫೋನ್ ಎತ್ತಿದರು. ತೆಗೆಯುವವರು ತೆಗೆಯಲಿ ಎಂದು ಗುವಾತ್ ಲೀ ತಲೆ ಎತ್ತಿಕೊಂಡೇ ನಡೆದಳು.

ಅರ್ಧ ಬೀದಿ ದಾಟಿರಲಿಲ್ಲ, ಅವಳ ಬೆರಳು ಹಿಡಿದಿದ್ದ ಮಾವನ ಕೈ ಸಡಿಲವಾಗಿ ಜಾರಿ ಸ್ಟ್ರೆಚರ್‌ನಿಂದ ಕೆಳಗೆ ತೂಗಾಡಿತು. ಮುಗಿದುಹೋಯಿತು ಎಂದು ಅವಳಿಗೆ ಗೊತ್ತಾಯಿತು. ಆ ಅಧ್ಯಕ್ಷನ ಜೊತೆ ವಾದಕ್ಕೆ ನಿಂತು ಕಳೆದ ಹೊತ್ತು ಉಳಿದಿದ್ದರೆ ಹೊಸ್ತಿಲು ದಾಟಿಸಬಹುದಿತ್ತು. ರಂಬ್ಲಿಗೂ ತಿಳಿಯಿತು. ಚೀಲ ಒತ್ತುವುದನ್ನು ಬಿಟ್ಟು ಅವಳ ಮುಖ ನೋಡಿದ.

"ಒತ್ತು," ಎಂದಳು. "ನಿಲ್ಲಿಸ್ಬೇಡ."

ರಂಬ್ಲಿ ಒತ್ತಿದ. ಮುದುಕನ ಎದೆ ಏರಿತು, ಇಳಿಯಿತು.

ಅಷ್ಟರಲ್ಲಿ ಕೆಂಗ್ ಹೋಕ್ ಮುಂದೆ ಓಡಿ ಅವಳ ಮನೆ ಬಾಗಿಲಿಗೇ ಅಡ್ಡ ನಿಂತಿದ್ದ. ಉಸಿರಿದ್ದಂತೆ ಕಾಣುವುದಿಲ್ಲ, ಹೊರಗೇ ಇಳಿಸಿ ಎಂದ.

"ನೀವೇ ಮುಟ್ಟಿ ನೋಡಿ, ಭಾವ."

ಅವನ ಕೈ ಮುಂದೆ ಬಂದದ್ದು ಅಲ್ಲೇ ನಿಂತಿತು. ಹೆಣ ಮುಟ್ಟಿದವನು ಅವತ್ತು ದೇವರಿಗೆ ಊದುಬತ್ತಿ ಹಚ್ಚುವಂತಿಲ್ಲ, ಅತಿಥಿಗಳಿಗೆ ಹಾರ ಹಾಕುವಂತೆಯೂ ಇಲ್ಲ. ಆ ಹಾರಕ್ಕಾಗಿ ಅವನು ತಿಂಗಳಿಂದ ಕುಣಿದಾಡಿದ್ದ.

"ಮುಟ್ಟಲ್ವಾ? ಹಾಗಾದ್ರೆ ಬದುಕಿದಾರೆ," ಎಂದು ಗುವಾತ್ ಲೀ ಮಾವನನ್ನು ಒಳಗೆ ಹೊರಿಸಿಕೊಂಡು ಹೋದಳು.

ಸ್ವಲ್ಪ ಹೊತ್ತಿಗೆ ಹೊಸ್ತಿಲ ಮೇಲೆ ಬಂದು ನಿಂತಳು.

"ಈಗ ಹೋದ್ರು. ಮನೇಲೇ ಹೋದ್ರು."

ಎದುರುಮನೆಯ ಮುದುಕಿ ಬಾಗಿಲಲ್ಲಿ ಕೂತು ಸಿಗಡಿ ಸುಲಿಯುತ್ತಿದ್ದಳು. ಸ್ಟ್ರೆಚರ್‌ನಿಂದ ಮುದುಕನ ಕೈ ತೂಗಾಡಿದ್ದನ್ನು ಅವಳು ದೂರದಿಂದಲೇ ಕಣ್ಣಾರೆ ಕಂಡಿದ್ದಳು. ಕೆಂಗ್ ಹೋಕ್ ಅವಳತ್ತ ತಿರುಗಿ, ನೀನಾದರೂ ನಿಜ ಹೇಳು ಎಂದ. ಮುದುಕಿ ಕೈ ತೊಳೆದುಕೊಂಡು ಒಳಗೆ ಹೋಗಿ, ಒಂದು ಕೆಂಪು ಬಟ್ಟೆ ತಂದು ತನ್ನ ಬಾಗಿಲಿಗೆ ಕಟ್ಟಿದಳು. ನೆರೆಮನೆಯೊಳಗೆ ಸಾವಾದರೆ ಕಟ್ಟುವ ಬಟ್ಟೆ ಅದು. ದಾರಿಯಲ್ಲಿ ಸತ್ತವರಿಗಾಗಿ ಯಾರೂ ಕಟ್ಟುವುದಿಲ್ಲ. ಅವಳನ್ನು ನೋಡಿ ಪಕ್ಕದ ಮನೆಯವರು ಕಟ್ಟಿದರು, ಆಮೇಲೆ ಅದರಾಚೆಯವರು.

ಅತಿಥಿಗಳು ಬರುವ ಹೊತ್ತಿಗೆ ಬೀದಿಯುದ್ದಕ್ಕೂ ಕೆಂಪು ತುಂಬಿತ್ತು. ಎಂಥ ಸ್ವಾಗತ ಎಂದು ಹಿಗ್ಗಿ ಅವರು ಫೋಟೋ ತೆಗೆಯತೊಡಗಿದರು. ಬೀದಿಯ ಮೊದಲ ಮನೆಯ ಬಾಗಿಲು ಮಾತ್ರ ಬೋಳಾಗಿತ್ತು. ಅದು ಯಾರ ಮನೆ ಎಂದು ಅವರ ಮುಖಂಡ ಕೇಳಿದ.

ಕೆಂಗ್ ಹೋಕ್ ಹಾರವನ್ನು ಪಕ್ಕದವನ ಕೈಗೆ ಕೊಟ್ಟ. ಒಳಗೆ ಹೋಗಿ, ಕೆಂಪು ಬಟ್ಟೆ ತಂದು ತನ್ನ ಬಾಗಿಲಿಗೂ ಕಟ್ಟಿದ. ಅತಿಥಿಗಳು ಚಪ್ಪಾಳೆ ತಟ್ಟಿದರು.